ಕರೆಯೂ ಓಗೊಡುವಿಕೆಯೂ: ಬಾಗಲಕೋಟೆ ಪರಿಸರದ ಮೌಖಿಕ ಪ್ರದರ್ಶನಗಳಲ್ಲಿ ಆರಂಭದ ವಿಧಾನಗಳು

೧. ಪೀಠಿಕೆ

ಸಭೆಯ ಮುಂದೆ ನಿಂತವನು ಮಾತನ್ನು ಹೇಗೆ ಆರಂಭಿಸಬೇಕು ಎಂಬ ಪ್ರಶ್ನೆಗೆ ಭಾಷಣಕಲೆಯ ಕೈಪಿಡಿಗಳು ಸಿದ್ಧ ಉತ್ತರಗಳನ್ನು ಕೊಡುತ್ತವೆ. ಒಂದು ಕಥೆಯಿಂದ ತೊಡಗಬೇಕು, ಒಂದು ಪ್ರಶ್ನೆಯನ್ನು ಎಸೆಯಬೇಕು, ಅಚ್ಚರಿಯ ಸಂಗತಿಯೊಂದನ್ನು ಮುಂದಿಡಬೇಕು, ಮೊದಲ ನಿಮಿಷದಲ್ಲಿಯೇ ಕೇಳುಗರ ಗಮನವನ್ನು ಸೆಳೆಯಬೇಕು ಎಂಬುವು ಇವುಗಳಲ್ಲಿ ಮುಖ್ಯವಾದವು. ಈ ಎಲ್ಲ ಸಲಹೆಗಳ ಹಿಂದೆ ಒಂದು ಗ್ರಹಿಕೆಯಿದೆ. ಆರಂಭವು ಪೂರ್ತಿಯಾಗಿ ಮಾತನಾಡುವವನ ಕೆಲಸ, ಕೇಳುವವನು ಆ ಕೆಲಸದ ಗುರಿ ಮಾತ್ರ ಎಂಬುದೇ ಆ ಗ್ರಹಿಕೆ.

ಬಾಗಲಕೋಟೆ, ಬಾದಾಮಿ, ಹುನಗುಂದ ಮತ್ತು ಇಳಕಲ್ಲ ಪರಿಸರದ ಮೌಖಿಕ ಪರಂಪರೆಯನ್ನು ಗಮನಿಸಿದರೆ ಈ ಗ್ರಹಿಕೆ ಸಾಲದೆಂಬುದು ತಿಳಿದುಬರುತ್ತದೆ. ಇಲ್ಲಿನ ಅಜ್ಜಿಯರು ಕಥೆ ಹೇಳುವ ಮುನ್ನ ಕೇಳುವ ಮಕ್ಕಳಿಗೆ ಒಂದು ಕರಾರು ಹಾಕುತ್ತಿದ್ದರು. ಕೇಳುವವರು ನಡುನಡುವೆ 'ಹೂಂ' ಎನ್ನುತ್ತಿರಬೇಕು. ಹೂಂಗುಟ್ಟುವವರಿಲ್ಲದಿದ್ದರೆ ಕಥೆ ಮುಂದುವರಿಯುತ್ತಿರಲಿಲ್ಲ. 'ಒಂದೂರಾಗ ಒಬ್ಬ ರಾಜ ಇದ್ದ' ಎಂಬ ಮೊದಲ ವಾಕ್ಯ ಮುಗಿದೊಡನೆ ಅಜ್ಜಿ ನಿಲ್ಲಿಸುತ್ತಿದ್ದಳು. ಕತ್ತಲೊಳಗಿನಿಂದ 'ಹೂಂ' ಬಂದ ಮೇಲೆಯೇ ಆ ರಾಜನಿಗೆ ಇಬ್ಬರು ಹೆಂಡಿರಿದ್ದ ಸಂಗತಿ ಹೊರಬೀಳುತ್ತಿತ್ತು. ಅಂದರೆ ಕಥೆ ಆರಂಭವಾಗುತ್ತಿದ್ದುದು ಅಜ್ಜಿಯ ವಾಕ್ಯದಿಂದಲ್ಲ, ಮಕ್ಕಳ ಮರುದನಿಯಿಂದ. ಕರೆದವರಿಗೆ 'ಓ' ಎಂದು ಉತ್ತರಿಸುವುದನ್ನು ಕನ್ನಡದಲ್ಲಿ ಓಗೊಡುವುದು ಎನ್ನುತ್ತೇವೆ. ಪ್ರಸ್ತುತ ಪ್ರಬಂಧದಲ್ಲಿ ಈ ಪದವನ್ನು ಒಂದು ಪಾರಿಭಾಷಿಕವಾಗಿ ಬಳಸಿಕೊಳ್ಳಲಾಗಿದೆ. ಈ ಪರಿಸರದ ಪ್ರದರ್ಶನಗಳಲ್ಲಿ ಆರಂಭವೆಂಬುದು ಕರೆ ಮತ್ತು ಓಗೊಡುವಿಕೆ ಎರಡೂ ಕೂಡಿದ ಕ್ರಿಯೆಯಾಗಿತ್ತೆಂಬುದನ್ನು, ಇಂದು ಕಳೆದುಹೋಗುತ್ತಿರುವುದು ಮುಖ್ಯವಾಗಿ ಈ ಎರಡನೆಯ ಅಂಗವೆಂಬುದನ್ನು ತೋರಿಸುವುದು ಇದರ ಉದ್ದೇಶ.

ಆರಂಭದ ಕುರಿತ ಶಾಸ್ತ್ರಚಿಂತನೆ ಹಳೆಯದು. ದಂಡಿಯು 'ಕಾವ್ಯಾದರ್ಶ'ದಲ್ಲಿ ಮಹಾಕಾವ್ಯದ ಮೊದಲಿಗೆ ಆಶೀರ್ವಾದ, ನಮಸ್ಕಾರ ಅಥವಾ ವಸ್ತುನಿರ್ದೇಶ ಇರಬೇಕೆಂದು ಹೇಳುತ್ತಾನೆ. ಭರತನ 'ನಾಟ್ಯಶಾಸ್ತ್ರ'ವು ಪೂರ್ವರಂಗಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದೆ. ಪಾಶ್ಚಾತ್ಯರಲ್ಲಿ ಸಿಸೆರೋ ಭಾಷಣದ ಪೀಠಿಕೆಯು ಕೇಳುಗನನ್ನು ಸದ್ಭಾವವುಳ್ಳವನನ್ನಾಗಿ, ಲಕ್ಷ್ಯವುಳ್ಳವನನ್ನಾಗಿ, ತಿಳಿಯಲು ಸಿದ್ಧನಾದವನನ್ನಾಗಿ ಮಾಡಬೇಕು ಎನ್ನುತ್ತಾನೆ. ಅವನಿಗಿಂತ ಹಿಂದಿನ ಅರಿಸ್ಟಾಟಲನ ಮಾತು ಇನ್ನೂ ಕುತೂಹಲಕರವಾಗಿದೆ. ಮೊದಲಿಗೆ ಎಲ್ಲರೂ ಲಕ್ಷ್ಯವಿಟ್ಟೇ ಕೇಳುತ್ತಾರೆ, ಲಕ್ಷ್ಯ ಸಡಿಲಾಗುವುದು ನಂತರ. ಆದುದರಿಂದ ಗಮನ ಸೆಳೆಯುವ ಮಾತುಗಳನ್ನು ಆರಂಭಕ್ಕೆ ಮಾತ್ರ ಮೀಸಲಿಡುವುದು ಹಾಸ್ಯಾಸ್ಪದ ಎಂಬುದು ಅವನ 'ರೆಟರಿಕ್' ಗ್ರಂಥದ ಅಭಿಪ್ರಾಯ. ಹಾಗಾದರೆ ಆರಂಭವು ಮಾಡುವ ಕೆಲಸ ಬೇರೇನೋ ಇರಬೇಕು. ಆ ಕೆಲಸ ಯಾವುದೆಂಬುದನ್ನು ಈ ಪ್ರದೇಶದ ಸಾಮಗ್ರಿಯಿಂದ ತಿಳಿಯಲು ಸಾಧ್ಯ.

೨. ಬಂಡೆಯ ಮೇಲಿನ ಆರಂಭಗಳು

ಈ ಪ್ರದೇಶದಲ್ಲಿ ಆರಂಭದ ಅತ್ಯಂತ ಹಳೆಯ ದಾಖಲೆಗಳು ಶಾಸನಗಳಲ್ಲಿ ದೊರೆಯುತ್ತವೆ. ಬಾದಾಮಿಯ ಬಂಡೆಯ ಮೇಲೆ ಒಂದನೆಯ ಪುಲಕೇಶಿಯು ಬರೆಯಿಸಿದ ಶಾಸನವು ಶಕವರ್ಷ ೪೬೫ನ್ನು, ಅಂದರೆ ಕ್ರಿ.ಶ. ೫೪೩ನ್ನು, ಮೊದಲಿಗೇ ಹೇಳಿ ಅನಂತರ ವಾತಾಪಿಯ ಕೋಟೆಯ ವಿಷಯಕ್ಕೆ ಬರುತ್ತದೆ. ಕ್ರಿ.ಶ. ೫೭೮ರ ಮಂಗಳೇಶನ ಗುಹಾಶಾಸನವು 'ಸ್ವಸ್ತಿ' ಎಂಬ ಮಂಗಳಪದದಿಂದ ತೊಡಗುತ್ತದೆ. ಅದೇ ಮೂರನೆಯ ಗುಹೆಯಲ್ಲಿರುವ ಅವನ ಕಿರಿದಾದ ಕನ್ನಡ ಶಾಸನದ ಮೊದಲ ಪದವೂ ಅದೇ ಆಗಿದೆ. ಓದುಬಲ್ಲವರು ಕೆಲವೇ ಮಂದಿಯಿದ್ದ ಆ ಕಾಲದಲ್ಲಿ ಶಾಸನವನ್ನು ಗಟ್ಟಿಯಾಗಿ ಓದಿ ಕೇಳಿಸುವ ಸಂದರ್ಭಗಳು ಇದ್ದಿರಬೇಕೆಂದು ಊಹಿಸುವುದು ಅಸಹಜವೇನಲ್ಲ. ಹಾಗೆ ಓದಿದಾಗ 'ಸ್ವಸ್ತಿ' ಎಂಬುದು ಕೇಳುವವರ ಮೇಲೆ ಬೀಳುವ ಹರಕೆಯಾಗುತ್ತದೆ.

ಹುನಗುಂದ ತಾಲೂಕಿನ ಐಹೊಳೆಯ ಮೇಗುತಿ ಬಸದಿಯಲ್ಲಿರುವ ರವಿಕೀರ್ತಿಯ ಶಾಸನ ಕ್ರಿ.ಶ. ೬೩೪ರದು. ಇಮ್ಮಡಿ ಪುಲಕೇಶಿಯ ದಿಗ್ವಿಜಯಗಳನ್ನು ವರ್ಣಿಸುವ ಈ ಸಂಸ್ಕೃತ ಪ್ರಶಸ್ತಿಯು ಜಿನೇಂದ್ರನ ಸ್ತುತಿಯಿಂದ ಆರಂಭಗೊಂಡು, ಕಾಳಿದಾಸ ಭಾರವಿಯರ ಕೀರ್ತಿಗೆ ತಾನು ಸಮನೆಂಬ ಕವಿಯ ಹೆಮ್ಮೆಯ ಮಾತಿನೊಂದಿಗೆ ಕೊನೆಯತ್ತ ಸಾಗುತ್ತದೆ. ಮೊದಲು ದೇವರು, ನಡುವೆ ಅರಸು, ಕೊನೆಗೆ ಕವಿ ಎಂಬ ಈ ಕ್ರಮ ಗಮನಾರ್ಹ. ಕವಿಯು ತನ್ನ ಹೆಸರನ್ನು ಹೇಳಿಕೊಳ್ಳುವ ಹಕ್ಕನ್ನು ಪ್ರಶಸ್ತಿಯನ್ನು ಪೂರೈಸಿದ ಮೇಲೆ ಪಡೆಯುತ್ತಾನೆ.

ಇವೆಲ್ಲವುಗಳಿಗಿಂತ ಭಿನ್ನವಾದುದು ಬಾದಾಮಿಯ ಕಪ್ಪೆ ಅರಭಟ್ಟನ ಶಾಸನ. ಸುಮಾರು ಕ್ರಿ.ಶ. ೭೦೦ರ ಕಾಲದ್ದೆಂದು ವಿದ್ವಾಂಸರು ಹೇಳುವ ಈ ಹತ್ತು ಸಾಲಿನ ಬರಹವು ತ್ರಿಪದಿಯ ಉಪಲಬ್ಧ ಮೊದಲ ನಿದರ್ಶನಗಳಿಗಾಗಿ ಪ್ರಸಿದ್ಧವಾಗಿದೆ. ಅದರ ಆರಂಭದ ಕಡೆಗೆ ಮಾತ್ರ ಅಷ್ಟು ಗಮನ ಹರಿದಿಲ್ಲ. ಇಲ್ಲಿ ದೇವತಾಸ್ತುತಿಯಿಲ್ಲ, ಅರಸನ ಬಿರುದಾವಳಿಯಿಲ್ಲ, ತೇದಿಯೂ ಇಲ್ಲ. ಮೊದಲ ಪದವೇ ಆ ವ್ಯಕ್ತಿಯ ಹೆಸರು. ಹೆಸರಿನ ಬೆನ್ನಿಗೇ ಅವನು ಒಳ್ಳೆಯವರಿಗೆ ಬೇಕಾದವನು, ಕೆಟ್ಟವರಿಂದ ದೂರವಾದವನು, ಕಲಿಗಾಲಕ್ಕೆ ವಿರುದ್ಧವಾಗಿ ನಿಂತವನು ಎಂಬ ಪರಿಚಯ ಬರುತ್ತದೆ. ದಂಡಿಯ ಪರಿಭಾಷೆಯಲ್ಲಿ ಇದು ನೇರ ವಸ್ತುನಿರ್ದೇಶ. ಊರ ಮಂದಿಗೆ ಪರಿಚಿತನಾದ ಒಬ್ಬ ವೀರನ ಹೆಸರನ್ನು ಕೂಗಿ ಕರೆದಂತೆ ಈ ಆರಂಭವಿದೆ. ಹೆಸರು ಬಲ್ಲ ಕೇಳುಗರು ಇದ್ದಾರೆಂಬ ಭರವಸೆಯಿಲ್ಲದೆ ಇಂಥ ಆರಂಭ ಸಾಧ್ಯವಾಗದು.

ಈ ಭರವಸೆಗೆ ಆಧಾರವೊಂದು 'ಕವಿರಾಜಮಾರ್ಗ'ದಲ್ಲಿ ಸಿಗುತ್ತದೆ. ಒಂಬತ್ತನೆಯ ಶತಮಾನದ ಈ ಕೃತಿಯು ಕನ್ನಡದ ತಿರುಳಿನ ನಾಡನ್ನು ಗುರುತಿಸುವಾಗ ಬಾದಾಮಿ ತಾಲೂಕಿನ ಇಂದಿನ ಪಟ್ಟದಕಲ್ಲನ್ನು ಕಿಸುವೊಳಲ್ ಎಂಬ ಹೆಸರಿನಿಂದ ಸೇರಿಸಿದೆ. ನಾಡಿನ ಜನರನ್ನು ಕುರಿತು ಅದು ಹೇಳುವ ಮಾತಿನಲ್ಲಿ ಎರಡು ಅರ್ಹತೆಗಳಿವೆ. ಅವರು ಹದವರಿತು ಆಡಬಲ್ಲವರು. ಇನ್ನೊಬ್ಬರು ಆಡಿದ್ದನ್ನು ಅರಿತು ವಿಚಾರಿಸಬಲ್ಲವರು. ಮೊದಲನೆಯ ಅರ್ಹತೆಯನ್ನು ನಾವು ಹೆಮ್ಮೆಯಿಂದ ಮೇಲಿಂದ ಮೇಲೆ ನೆನೆಯುತ್ತೇವೆ. ಎರಡನೆಯದು ಕೇಳುಗನ ಅರ್ಹತೆ. ಅದನ್ನು ಕೃತಿಕಾರನು ಮೊದಲನೆಯದಕ್ಕೆ ಸಮನಾಗಿಯೇ ಇರಿಸಿದ್ದಾನೆಂಬುದನ್ನು ಮರೆಯಲಾಗದು.

೩. ಹೆಸರು ಕೊನೆಗೆ ಬರುವ ಬಗೆ

ಕಪ್ಪೆ ಅರಭಟ್ಟನ ಶಾಸನದಲ್ಲಿ ಹೆಸರು ಮೊದಲಿಗೆ ಬಂದರೆ, ಹನ್ನೆರಡನೆಯ ಶತಮಾನದ ವಚನಗಳಲ್ಲಿ ಅದು ಕೊನೆಗೆ ಸರಿಯುತ್ತದೆ. ಹುನಗುಂದ ತಾಲೂಕಿನಲ್ಲಿ ಕೃಷ್ಣಾ ಮಲಪ್ರಭಾ ನದಿಗಳು ಕೂಡುವ ಕೂಡಲಸಂಗಮದ ದೇವರೇ ಬಸವಣ್ಣನವರ ವಚನಗಳ ಅಂಕಿತ. ಕಾವ್ಯಪರಂಪರೆಯು ದೇವರ ಸ್ತುತಿಯನ್ನು ಮೊದಲಲ್ಲಿಟ್ಟಿತು; ವಚನವು ದೇವರ ಸಂಬೋಧನೆಯನ್ನು ಸಾಮಾನ್ಯವಾಗಿ ಕೊನೆಯಲ್ಲಿಟ್ಟಿತು. ಇದರಿಂದ ವಚನದ ಆರಂಭದ ಸ್ಥಾನ ತೆರವಾಯಿತು. ಆ ತೆರವಾದ ಜಾಗಕ್ಕೆ ಮನೆ, ಹೊಲ, ಸಂತೆ, ಕಾಯಕಗಳ ದಿನಬಳಕೆಯ ವಸ್ತುಗಳೂ ನೇರ ಪ್ರಶ್ನೆಗಳೂ ಬಂದು ನಿಂತವು. ಕೇಳುಗನು ಮೊದಲು ತನ್ನ ಬದುಕಿನ ಒಂದು ತುಣುಕನ್ನು ಗುರುತಿಸುತ್ತಾನೆ. ಮಾತು ಯಾರಿಗೆ ಸಲ್ಲುತ್ತಿದೆ ಎಂಬುದು ಅವನಿಗೆ ತಿಳಿಯುವುದು ಮುಕ್ತಾಯದಲ್ಲಿ.

ಹೆಸರನ್ನು ಕೊನೆಗಿಡುವ ಈ ಕ್ರಮಕ್ಕೆ ಜನಪದದಲ್ಲಿಯೂ ಸಮಾನಾಂತರವಿದೆ. ಮದುವೆ ಮೊದಲಾದ ಸಂದರ್ಭಗಳಲ್ಲಿ ಹೆಣ್ಣುಮಕ್ಕಳು ಗಂಡನ ಹೆಸರನ್ನು 'ಒಡಪು' ಕಟ್ಟಿ ಹೇಳುವ ರೂಢಿ ಉತ್ತರ ಕರ್ನಾಟಕದಲ್ಲಿದೆ. ಪ್ರಾಸಬದ್ಧವಾದ ಸಾಲುಗಳು ಎಲ್ಲೆಲ್ಲಿಯೋ ಸುತ್ತಾಡಿ ಕೊನೆಗೆ ಹೆಸರಿಗೆ ಬಂದು ಮುಟ್ಟುತ್ತವೆ. ಸುತ್ತಲಿನವರು ಹೆಸರು ಬರುವವರೆಗೆ ಕಾದಿದ್ದು, ಬಂದೊಡನೆ ನಗೆಯ ಅಲೆಯೆಬ್ಬಿಸುತ್ತಾರೆ. ಹೆಸರು ಅಲ್ಲಿ ಕೂಡಿದವರಿಗೆಲ್ಲ ಗೊತ್ತಿರುವುದೇ. ಆದರೂ ಅದಕ್ಕಾಗಿ ಕಾಯುವುದರಲ್ಲಿ ಸ್ವಾರಸ್ಯವಿದೆ.

ವಚನಗಳ ಮುಂದಿನ ಚರಿತ್ರೆಯೂ ನಮ್ಮ ವಿಷಯಕ್ಕೆ ಸಂಬಂಧಿಸಿದೆ. ಹದಿನೈದನೆಯ ಶತಮಾನದಲ್ಲಿ ರೂಪುಗೊಂಡ 'ಶೂನ್ಯಸಂಪಾದನೆ'ಯ ಸಂಕಲನಕಾರರು ಬಿಡಿಬಿಡಿಯಾದ ವಚನಗಳನ್ನು ಶರಣರ ನಡುವಿನ ಸಂವಾದವಾಗಿ ಜೋಡಿಸಿದರು. ಒಬ್ಬರ ವಚನಕ್ಕೆ ಇನ್ನೊಬ್ಬರ ವಚನ ಉತ್ತರವಾಗಿ ನಿಂತಿತು. ಒಂಟಿಯಾಗಿ ನಿಂತ ಮಾತಿಗೆ ಓಗೊಡುವವರೊಬ್ಬರು ಬೇಕೆಂಬ ಪರಂಪರೆಯ ತುಡಿತ ಈ ಜೋಡಣೆಯಲ್ಲಿ ಕಾಣುತ್ತದೆ ಎನ್ನಬಹುದು.

೪. ಹಲಗೆ, ಡಂಗುರ ಮತ್ತು ದೈವ

ಬರಹದಿಂದ ಬಯಲಿಗೆ ಬಂದಾಗ ಆರಂಭದ ಮೊದಲ ಮೆಟ್ಟಿಲು ಮಾತಾಗಿರದೆ ನಾದವಾಗಿರುತ್ತದೆ. ಬಾಗಲಕೋಟೆಯ ಹೋಳಿಹಬ್ಬದಲ್ಲಿ ಓಣಿ ಓಣಿಗಳಲ್ಲಿ ಹಲಗೆ ಮೊಳಗುತ್ತದೆ. ಉತ್ಸವಗಳಲ್ಲಿ ಕರಡಿ ಮಜಲು, ಮಂಗಲಕಾರ್ಯಗಳಲ್ಲಿ ಸನಾದಿ ಕೇಳಿಬರುತ್ತವೆ. ೧೯೭೭ರ ಚಲನಚಿತ್ರದ ಮೂಲಕ ನಾಡಿಗೆಲ್ಲ ಪರಿಚಿತವಾದ ಸನಾದಿ ಅಪ್ಪಣ್ಣನ ಹೆಸರು ಇದೇ ಜಿಲ್ಲೆಯ ಬೀಳಗಿಯೊಂದಿಗೆ ಕೂಡಿಕೊಂಡಿದೆ. ಊರಿನ ಸುದ್ದಿಯನ್ನು ಸಾರುವ ಡಂಗುರದವನು ಮೊದಲು ಬಾರಿಸಿ, ಅನಂತರ 'ಕೇಳ್ರಪೋ ಕೇಳ್ರಿ' ಎಂದು ಕೂಗಿ, ಅನಂತರ ಸುದ್ದಿಗೆ ಬರುತ್ತಿದ್ದನು. ನಾದ, ಕರೆ, ವಿಷಯ ಎಂಬ ಮೂರು ಹಂತಗಳು ಇಲ್ಲಿ ಅತ್ಯಂತ ಸಂಕ್ಷಿಪ್ತ ರೂಪದಲ್ಲಿವೆ.

ಈ ನಾದಕ್ಕೆ ಊರು ಕೂಡಿದಾಗ ಆ ಕೂಟಕ್ಕೆ ಇಲ್ಲಿನ ಆಡುಮಾತಿನಲ್ಲಿರುವ ಹೆಸರು 'ದೈವ'. 'ದೈವ ಕೂಡಿಸುವುದು' ಎಂದರೆ ಊರ ಹಿರಿಯರನ್ನೂ ಮಂದಿಯನ್ನೂ ಒಂದೆಡೆ ಸೇರಿಸುವುದು. 'ದೈವದ ಮಾತು' ಎಂದರೆ ಅಲ್ಲಿ ಕೂಡಿದವರ ತೀರ್ಮಾನ. ಹಾಡುಗಾರರು 'ಕುಂತ ದೈವಕ್ಕೆ' ಕೈಮುಗಿಯುವಾಗ ಗುಡಿಯೊಳಗಿನ ಮೂರ್ತಿಗೆ ಮುಗಿಯುತ್ತಿಲ್ಲ. ಎದುರಿಗೆ ಕುಳಿತ ರೈತ, ನೇಕಾರ, ಕೂಲಿಕಾರರಿಗೆ ಮುಗಿಯುತ್ತಿದ್ದಾರೆ. ದೇವತಾಸ್ತುತಿ ಮತ್ತು ಸಭಾವಂದನೆಗಳ ನಡುವಿನ ಗೆರೆ ಈ ಒಂದು ಪದದಲ್ಲಿ ಅಳಿಸಿಹೋಗಿದೆ. ಗುಂಪು ಸಭೆಯಾಗುವುದು, ಸಭೆಯು ದೈವವಾಗುವುದು ಆರಂಭದ ಈ ಕ್ರಿಯೆಯಿಂದಲೇ.

ಇದನ್ನು ಹೇಳುವಾಗ ಒಂದು ಕಹಿ ಸತ್ಯವನ್ನೂ ದಾಖಲಿಸಬೇಕು. ಹಲಗೆ ಬಾರಿಸಿ ಊರನ್ನು ಕರೆಯುತ್ತಿದ್ದವರು ಬಹುಮಟ್ಟಿಗೆ ಅಸ್ಪೃಶ್ಯರೆಂದು ದೂರವಿಡಲಾಗಿದ್ದ ಸಮುದಾಯದವರು. ಅವರ ನಾದಕ್ಕೆ ದೈವ ಕೂಡುತ್ತಿತ್ತು; ಕೂಡಿದ ದೈವದಲ್ಲಿ ಅವರಿಗೆ ಸಮನಾದ ಸ್ಥಾನವಿರಲಿಲ್ಲ. ಕರೆಯುವ ಕೆಲಸ ಒಬ್ಬರದು, ಮಾತನಾಡುವ ಅಧಿಕಾರ ಇನ್ನೊಬ್ಬರದು ಎಂಬ ಈ ವಿಭಜನೆಯನ್ನು ಬದಿಗಿರಿಸಿ ಜನಪದ ಸಭೆಯನ್ನು ಆದರ್ಶವೆಂದು ಬಣ್ಣಿಸುವುದು ಸಂಶೋಧನೆಗೆ ಶೋಭೆ ತರುವುದಿಲ್ಲ.

೫. ಪುರವಂತ, ಗೀಗೀ ಮತ್ತು ಪಾರಿಜಾತ

ಪ್ರದರ್ಶನ ಪ್ರಕಾರಗಳಲ್ಲಿ ಆರಂಭದ ಸ್ವರೂಪವನ್ನು ಮೂರು ನಿದರ್ಶನಗಳ ಮೂಲಕ ಪರಿಶೀಲಿಸಬಹುದು.

ಮೊದಲನೆಯದು ಪುರವಂತಿಕೆ. ವೀರಭದ್ರ ಮನೆದೇವರಾಗಿರುವ ಮನೆತನಗಳ ಗುಗ್ಗಳದ ಸಂದರ್ಭದಲ್ಲಿ, ಜಾತ್ರೆಗಳಲ್ಲಿ ಪುರವಂತರು ಖಡ್ಗ ಹಿಡಿದು ಒಡಪು ಹೇಳುತ್ತಾರೆ. ಹೆಣ್ಣುಮಕ್ಕಳ ಒಡಪಿಗೂ ಇದಕ್ಕೂ ಹೆಸರೊಂದೇ, ಸ್ವರೂಪ ಬೇರೆ. ದಕ್ಷಯಜ್ಞದ ಕಥೆ ಇದರ ಮುಖ್ಯ ವಸ್ತು. ವಾದ್ಯಗಳು ಜೋರಾಗಿ ನುಡಿಯುತ್ತಿರುವಾಗ ಪುರವಂತನು ಕೈಯೆತ್ತಿದೊಡನೆ ಅವು ತಟ್ಟನೆ ನಿಲ್ಲುತ್ತವೆ. ಆ ನಿಶ್ಶಬ್ದದಲ್ಲಿ ಅವನ ಮೊದಲ ಸಂಬೋಧನೆ ಕೇಳಿಬರುತ್ತದೆ. ಒಡಪಿನ ಒಂದು ಭಾಗ ಮುಗಿಯುತ್ತಲೇ ನೆರೆದವರ ಜಯಕಾರ, ಮತ್ತೆ ವಾದ್ಯ. ಇಲ್ಲಿ ಗಮನವನ್ನು ಸೆಳೆಯುವುದು ಸದ್ದಲ್ಲ, ಸದ್ದು ನಿಂತ ಗಳಿಗೆ. ಹೀಗೆ ಪ್ರತಿಯೊಂದು ಭಾಗಕ್ಕೂ ಹೊಸ ಆರಂಭವಿರುವುದರಿಂದ ಅರಿಸ್ಟಾಟಲನು ಹೇಳಿದ ನಡುವಿನ ಸಡಿಲಿಕೆಗೆ ಅವಕಾಶವೇ ಕಡಿಮೆಯಾಗುತ್ತದೆ.

ಎರಡನೆಯದು ಗೀಗೀ ಮೇಳ. ಮುಂದೆ ನಿಂತು ಹಾಡುವವರ ಕೈಯಲ್ಲಿ ಡಪ್ಪು, ಹಿಂದಿನವರ ಕೈಯಲ್ಲಿ ತುಂತುಣಿ ಮತ್ತು ತಾಳ. ಸಾಲು ಮುಗಿದಾಗ ಹಿಮ್ಮೇಳದವರು ಎತ್ತಿಕೊಳ್ಳುವ 'ಗೀಗೀ' ಎಂಬ ಸೊಲ್ಲೇ ಪ್ರಕಾರದ ಹೆಸರಾಗಿದೆ. ಪ್ರಕಾರವೊಂದು ಮುಂದಿನವರ ಹಾಡಿನಿಂದಲ್ಲದೆ ಹಿಂದಿನವರ ಮರುದನಿಯಿಂದ ಹೆಸರು ಪಡೆದಿರುವುದು ಅಪರೂಪದ ಸಂಗತಿ. ಮೇಳವು ದೇವರಿಗೆ, ಗುರುವಿಗೆ, ಕುಂತ ದೈವಕ್ಕೆ ನಮಿಸುತ್ತದೆ. ತಪ್ಪಿದ್ದರೆ ತಿದ್ದಿಕೊಳ್ಳಬೇಕೆಂದು ಬೇಡುತ್ತದೆ. ರಿಚರ್ಡ್ ಬೌಮನ್ ಅವರು ೧೯೭೭ರ 'ವರ್ಬಲ್ ಆರ್ಟ್ ಆ್ಯಸ್ ಪರ್ಫಾರ್ಮೆನ್ಸ್' ಕೃತಿಯಲ್ಲಿ, ತನಗೆ ಸಾಮರ್ಥ್ಯವಿಲ್ಲವೆಂದು ಹೇಳಿಕೊಳ್ಳುವುದು ಕೂಡ ಪ್ರದರ್ಶನ ತೊಡಗಿತೆಂಬುದರ ಒಂದು ಸೂಚಕವೆಂದು ಗುರುತಿಸಿದ್ದಾರೆ. ಗೀಗೀ ಮೇಳದ ವಿನಯವನ್ನು ಈ ಬೆಳಕಿನಲ್ಲಿ ನೋಡಬಹುದು. ಆದರೆ ಆ ವಿನಯದ ಹಿಂದೆಯೇ ಸವಾಲು ಬರುತ್ತದೆ. ಹರದೇಶಿ ಮತ್ತು ನಾಗೇಶಿ ಪಂಗಡಗಳು ಎದುರುಬದುರಾದಾಗ, ಒಂದು ಪುರುಷತತ್ತ್ವವನ್ನು ಇನ್ನೊಂದು ಸ್ತ್ರೀತತ್ತ್ವವನ್ನು ಹಿರಿದೆಂದು ಸಾಧಿಸಲು ಹೊರಡುತ್ತವೆ. ಮೊದಲ ಮೇಳ ಎಸೆದ ಸವಾಲಿಗೆ ಎರಡನೆಯದು ಜವಾಬು ಕೊಡಬೇಕು. ಕೇಳುಗರು ತೀರ್ಪುಗಾರರಾಗಿ ಬೆಳಗಿನವರೆಗೂ ಕುಳಿತಿರುತ್ತಾರೆ. ಪ್ರಶ್ನೆಯಿಂದ ತೊಡಗಬೇಕೆಂಬ ಇಂದಿನ ಕೈಪಿಡಿಯ ಸಲಹೆಗೂ ಇದಕ್ಕೂ ಇರುವ ವ್ಯತ್ಯಾಸ ಸ್ಪಷ್ಟ. ಅಲ್ಲಿ ಪ್ರಶ್ನೆ ಕೇಳಿದವನೇ ಉತ್ತರ ಹೇಳುತ್ತಾನೆ. ಇಲ್ಲಿ ಉತ್ತರಿಸುವವರು ಎದುರಿಗಿದ್ದಾರೆ, ಉತ್ತರ ತಪ್ಪಿದರೆ ಸೋಲೂ ಇದೆ.

ಮೂರನೆಯದು ಶ್ರೀಕೃಷ್ಣ ಪಾರಿಜಾತ. ಅಪರಾಳ ತಮ್ಮಣ್ಣ ಮತ್ತು ಕುಲಗೋಡ ತಮ್ಮಣ್ಣರ ಹೆಸರುಗಳೊಂದಿಗೆ ಬೆಸೆದುಕೊಂಡಿರುವ ಈ ಸಣ್ಣಾಟವು ಬಾಗಲಕೋಟೆ ಮತ್ತು ಬೆಳಗಾವಿ ಜಿಲ್ಲೆಗಳಲ್ಲಿ ಬೇರುಬಿಟ್ಟಿದೆ. ಮುಧೋಳ ತಾಲೂಕಿನ ಲೋಕಾಪುರವು ಪಾರಿಜಾತದ ಮೇಳಕ್ಕೆ ಹೆಸರಾದ ಊರು. ಹೆಣ್ಣುಪಾತ್ರಗಳನ್ನು ಹೆಣ್ಣುಮಕ್ಕಳೇ ವಹಿಸುವ ಈ ಆಟಕ್ಕೆ ಗೋಕಾಕ ಸೀಮೆಯ ಕೌಜಲಗಿ ನಿಂಗಮ್ಮ ವಿಶೇಷ ಕೀರ್ತಿ ತಂದರು. ನಾರದನು ತಂದ ಪಾರಿಜಾತದ ಹೂವು ರುಕ್ಮಿಣಿಗೆ ಸಂದುದರಿಂದ ಸತ್ಯಭಾಮೆಯಲ್ಲಿ ಹುಟ್ಟಿದ ಮುನಿಸು ಇದರ ವಸ್ತು. ಗಣಸ್ತುತಿಯ ಬಳಿಕ ಆಟವನ್ನು ನಡೆಸುವವನು ಭಾಗವತ. ಅವನೊಂದಿಗೆ ದೂತಿ ನಡೆಸುವ ಸಂಭಾಷಣೆಯಲ್ಲಿ ದ್ವಾರಕೆಯ ಮಾತು ಇದ್ದಕ್ಕಿದ್ದಂತೆ ಊರಿನ ಮಾತಾಗುತ್ತದೆ. ಕೇಳುಗರು ನಗುತ್ತಾರೆ, ಮಾತಿಗೆ ಮಾತು ಸೇರಿಸುತ್ತಾರೆ. ದೊಡ್ಡಾಟದಲ್ಲಿಯೂ ಇಂಥದೇ ವ್ಯವಸ್ಥೆಯಿದೆ. ತೆರೆಯ ಮರೆಯಿಂದ ಬಂದ ಪಾತ್ರವನ್ನು ಸಾರಥಿಯು ಯಾರು, ಎತ್ತಣಿಂದ, ಏನು ಕಾರಣವೆಂದು ವಿಚಾರಿಸುತ್ತಾನೆ. ರಾವಣನಾಗಲಿ ದುರ್ಯೋಧನನಾಗಲಿ ಸಭೆಗೆ ತನ್ನ ಗುರುತು ಹೇಳದೆ ಒಂದು ಹೆಜ್ಜೆಯನ್ನೂ ಮುಂದಿಡುವಂತಿಲ್ಲ. ಸಾರಥಿಯು ಇಲ್ಲಿ ಸಭೆಯ ಪ್ರತಿನಿಧಿಯಾಗಿ ಪ್ರಶ್ನಿಸುತ್ತಾನೆ. ಮಾತನಾಡುವ ಹಕ್ಕು ಯಾರಿಗೂ ತಾನಾಗಿ ಬರುವುದಿಲ್ಲ, ಅದನ್ನು ಕೇಳಿ ಪಡೆಯಬೇಕು ಎಂಬ ತಿಳಿವಳಿಕೆ ಈ ರೂಢಿಯಲ್ಲಿ ಅಡಗಿದೆ.

ಈ ಮೂರೂ ನಿದರ್ಶನಗಳಿಂದ ಆರಂಭದ ನಾಲ್ಕು ಅಂಗಗಳು ತಿಳಿದುಬರುತ್ತವೆ. ೧) ಕರೆ: ನಾದದಿಂದಲೋ ನಾದದ ನಿಲುಗಡೆಯಿಂದಲೋ ಮಂದಿಯನ್ನು ಒಂದುಗೂಡಿಸುವುದು. ೨) ಅಪ್ಪಣೆ: ದೇವರು, ಗುರು ಮತ್ತು ದೈವದಿಂದ ಮಾತಿನ ಅನುಮತಿ ಪಡೆಯುವುದು. ೩) ಗುರುತು: ಹೇಳುವವನು ಯಾರು, ಹೇಳುವುದೇನು ಎಂಬುದನ್ನು ತಿಳಿಸುವುದು. ೪) ಓಗೊಡುವಿಕೆ: ಜಯಕಾರ, ಸೊಲ್ಲು, ನಗೆ ಅಥವಾ ಜವಾಬಿನ ಮೂಲಕ ಸಭೆಯು ಒಪ್ಪಿಕೊಳ್ಳುವುದು. ದಂಡಿಯ ಮೂರು ಪ್ರಭೇದಗಳು ಮೊದಲ ಮೂರು ಅಂಗಗಳಲ್ಲಿಯೇ ಅಡಕವಾಗುತ್ತವೆ. ನಾಲ್ಕನೆಯದಕ್ಕೆ ಬರಹದ ಶಾಸ್ತ್ರದಲ್ಲಿ ಸ್ಥಾನವಿಲ್ಲ. ಏಕೆಂದರೆ ಬರಹದ ಎದುರಿಗೆ ಕೇಳುಗನಿಲ್ಲ.

೬. ಕಂಪನಿ ನಾಟಕದ ಗಂಟೆ ಮತ್ತು ಮಹಾಂತ ಜೋಳಿಗೆ

ಆಧುನಿಕ ಕಾಲದಲ್ಲಿ ಈ ಅಂಗಗಳು ಹೊಸ ರೂಪ ತಾಳಿದವು. ಬನದ ಹುಣ್ಣಿಮೆಗೆ ಬಾದಾಮಿಯ ಬಳಿ ನಡೆಯುವ ಬನಶಂಕರಿ ಜಾತ್ರೆಯಲ್ಲಿ ವೃತ್ತಿನಾಟಕ ಕಂಪನಿಗಳು ಸಾಲಾಗಿ ಬಿಡಾರ ಹೂಡುತ್ತವೆ. ಹುನಗುಂದ ತಾಲೂಕಿನ ಸೂಳೇಬಾವಿಯ ಪಿ.ಬಿ. ಧುತ್ತರಗಿಯವರಂಥ ನಾಟಕಕಾರರು ಈ ರಂಗಭೂಮಿಗೆ ಬರೆದರು. ಅವರ 'ಸಂಪತ್ತಿಗೆ ಸವಾಲ್' ೧೯೭೪ರಲ್ಲಿ ಚಲನಚಿತ್ರವಾಗಿಯೂ ಜನಪ್ರಿಯವಾಯಿತು. ಕಂಪನಿ ನಾಟಕದಲ್ಲಿ ಹಲಗೆಯ ಸ್ಥಾನಕ್ಕೆ ಧ್ವನಿವರ್ಧಕದ ಪ್ರಚಾರವೂ ಮೂರು ಸಲದ ಗಂಟೆಯೂ ಬಂದವು. ಅಪ್ಪಣೆಯ ಸ್ಥಾನದಲ್ಲಿ ಕಾಲಪೇಟಿಯ ನಾದದೊಂದಿಗಿನ ನಾಂದಿಯಿತ್ತು. ಪಕ್ಕದ ಡೇರೆಯಲ್ಲಿ ಬೇರೊಂದು ನಾಟಕ ನಡೆಯುತ್ತಿರುವಾಗ ಪ್ರೇಕ್ಷಕರನ್ನು ಹಿಡಿದಿಡುವ ಹೊಣೆ ಮೊದಲ ದೃಶ್ಯಗಳ ಮೇಲೆ ಬಿತ್ತು. ಹಾಸ್ಯಪಾತ್ರದ ಪ್ರವೇಶಕ್ಕೆ ಬಂದ ಮಹತ್ವಕ್ಕೆ ಇದೂ ಒಂದು ಕಾರಣ. ಆದರೂ ಸಿಳ್ಳೆ, ಚಪ್ಪಾಳೆ, ಹಾಡನ್ನು ಮತ್ತೊಮ್ಮೆ ಹಾಡಬೇಕೆಂಬ ಬೇಡಿಕೆಗಳ ರೂಪದಲ್ಲಿ ಓಗೊಡುವಿಕೆ ಉಳಿದುಬಂದಿತು.

ಇಳಕಲ್ಲಿನಲ್ಲಿ ಸಾರ್ವಜನಿಕ ಮಾತಿನ ಇನ್ನೊಂದು ಮಾದರಿ ದೊರೆಯುತ್ತದೆ. ಅಲ್ಲಿನ ವಿಜಯಮಹಾಂತೇಶ ಸಂಸ್ಥಾನಮಠದ ಮಹಾಂತ ಶಿವಯೋಗಿಗಳು (೧೯೩೦–೨೦೧೮) ೧೯೭೫ರಿಂದ ನಡೆಸಿದ 'ಮಹಾಂತ ಜೋಳಿಗೆ' ವ್ಯಸನಮುಕ್ತಿಯ ಕಾರ್ಯಕ್ರಮ. ಅವರ ಹುಟ್ಟುಹಬ್ಬವಾದ ಆಗಸ್ಟ್ ೧ನ್ನು ರಾಜ್ಯ ಸರಕಾರವು ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ. ಜೋಳಿಗೆ ಹಿಡಿದ ಜಂಗಮನಿಗೆ ಕಾಳುಕಡಿ ನೀಡುವುದು ಜನರಿಗೆ ತಿಳಿದ ಪದ್ಧತಿ. ಸ್ವಾಮೀಜಿಯವರು ಆ ಪರಿಚಿತ ಜೋಳಿಗೆಯನ್ನೇ ಒಡ್ಡಿ ಕುಡಿತ ಮೊದಲಾದ ದುಶ್ಚಟಗಳನ್ನು ಭಿಕ್ಷೆಯಾಗಿ ಬೇಡಿದರು. ಕುಡಿತ ಕೆಟ್ಟದ್ದೆಂಬ ಉಪದೇಶವನ್ನು ಕೇಳಿ ಸುಮ್ಮನೆ ಎದ್ದುಹೋಗಬಹುದು. ಮುಂದೆ ಒಡ್ಡಿದ ಜೋಳಿಗೆಯನ್ನು ನೋಡಿ ಹಾಗೆ ಹೋಗುವುದು ಕಷ್ಟ; ಹಾಕಬೇಕು, ಇಲ್ಲವೇ ಹಾಕಲಾರೆನೆಂದು ಒಪ್ಪಿಕೊಳ್ಳಬೇಕು. ಮಾತಿಗಿಂತ ಮೊದಲೇ ಉತ್ತರವನ್ನು ಬೇಡುವ ಆರಂಭವಿದು. ಇಳಕಲ್ಲಿನ ನೇಕಾರರು ಸೀರೆಯ ಒಡಲಿನ ಎಳೆಗಳನ್ನೂ ಸೆರಗಿನ ಎಳೆಗಳನ್ನೂ ಕುಣಿಕೆಗಳ ಮೂಲಕ ಒಂದಕ್ಕೊಂದು ಸಿಕ್ಕಿಸಿ ಕೂಡಿಸುತ್ತಾರೆ. ಎರಡೂ ಕಡೆಯ ಎಳೆಯಿಲ್ಲದೆ ಆ ಕುಣಿಕೆ ನಿಲ್ಲದು. ಜೋಳಿಗೆಯ ಆರಂಭವೂ ಹಾಗೆಯೇ.

೭. ಬದಲಾದ ಸಂದರ್ಭ

ಓಗೊಡುವಿಕೆಯ ಅಂಗ ಕ್ಷೀಣಿಸಿದುದಕ್ಕೆ ಹಲವು ಕಾರಣಗಳಿವೆ. ಮೊದಲನೆಯದು ಮಾಧ್ಯಮ. ಗ್ರಾಮಫೋನ್ ತಟ್ಟೆಯ ಒಂದು ಬದಿಗೆ ಹಿಡಿಸುತ್ತಿದ್ದುದು ಕೆಲವೇ ನಿಮಿಷಗಳ ಹಾಡು. ೧೯೫೦ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿಯು ಈ ಭಾಗದ ಜನಪದ ಕಲಾವಿದರಿಗೆ ಬಹುದೊಡ್ಡ ಆಶ್ರಯ ನೀಡಿತು. ಆದರೆ ಧ್ವನಿಮುದ್ರಣ ಕೊಠಡಿಯಲ್ಲಿ ದೈವವಿರಲಿಲ್ಲ. ನಮ್ಮ ಸಂಗ್ರಹಕಾರರೂ ಈ ದೋಷದಿಂದ ಮುಕ್ತರಲ್ಲ. ಅಚ್ಚಾದ ಪದಗಳ ಸಂಪುಟಗಳಲ್ಲಿ ಹಾಡಿನ ಪಠ್ಯ ಸಿಗುತ್ತದೆ. ಸಭಾವಂದನೆ, ನಡುವಿನ ಜಯಕಾರ, ಕೇಳುಗರ ಮಾತುಗಳು ಸಾಮಾನ್ಯವಾಗಿ ಸಿಗುವುದಿಲ್ಲ. ಪ್ರಸ್ತುತ ಲೇಖಕನೂ ತನ್ನ ಮೊದಲ ವರ್ಷಗಳ ಕ್ಷೇತ್ರಕಾರ್ಯದಲ್ಲಿ 'ಮುಖ್ಯ' ಹಾಡು ಬರುವವರೆಗೆ ಧ್ವನಿಮುದ್ರಕವನ್ನು ಚಾಲೂ ಮಾಡದೆ ಕಾದು ಕುಳಿತದ್ದುಂಟು. ಆ ಆರಂಭಗಳನ್ನು ಈಗ ಮರಳಿ ಪಡೆಯುವಂತಿಲ್ಲ.

ಎರಡನೆಯದು ಸ್ಥಳ. ೧೯೯೭ರಲ್ಲಿ ಪ್ರತ್ಯೇಕ ಜಿಲ್ಲೆಯಾದ ಬಾಗಲಕೋಟೆಯ ಚರಿತ್ರೆಯನ್ನು ಆಲಮಟ್ಟಿ ಜಲಾಶಯದ ಹಿನ್ನೀರಿನಿಂದ ಬೇರ್ಪಡಿಸಿ ನೋಡಲಾಗದು. ಹಳೆಯ ಪಟ್ಟಣದ ಭಾಗಗಳೂ ನದಿದಂಡೆಯ ಹಲವು ಹಳ್ಳಿಗಳೂ ಮುಳುಗಿ, ನವನಗರವೂ ಪುನರ್ವಸತಿ ಕೇಂದ್ರಗಳೂ ಎದ್ದುನಿಂತವು. ಮನೆಗೆ, ಹೊಲಕ್ಕೆ ಪರಿಹಾರದ ಲೆಕ್ಕ ನಡೆಯಿತು. ಅಗಸಿಯ ಕಟ್ಟೆ, ಗುಡಿಯ ಮುಂದಿನ ಬಯಲು, ಹಲಗೆಯ ಸದ್ದು ಕೊನೆಯ ಮನೆಗೂ ಮುಟ್ಟುತ್ತಿದ್ದ ಓಣಿಯ ಅಳತೆ ಇವು ಯಾವ ಲೆಕ್ಕಕ್ಕೂ ಸೇರುವಂಥವಲ್ಲ. ಅಗಲವಾದ ನೇರ ರಸ್ತೆಗಳ ಹೊಸ ಊರಿನಲ್ಲಿ ದೈವ ಕೂಡುವ ಜಾಗವನ್ನು ಜನರೇ ಹೊಸದಾಗಿ ಕಂಡುಕೊಳ್ಳಬೇಕಾಯಿತು.

ಮೂರನೆಯದು ವೇದಿಕೆ. ಉತ್ಸವಗಳಲ್ಲಿ ಜನಪದ ಮೇಳಗಳಿಗೆ ದೊರೆಯುವ ಅವಧಿ ಅತ್ಯಲ್ಪ. ಹದಿನೈದು ನಿಮಿಷದಲ್ಲಿ ಮುಗಿಸಬೇಕೆಂಬ ಸೂಚನೆ ಪಡೆದ ಗೀಗೀ ಮೇಳವೊಂದು ನಮನದ ಪದವನ್ನು ಧ್ವನಿವರ್ಧಕದ ಪರೀಕ್ಷೆಗೆಂದು ಹಾಡಿ ಮುಗಿಸಿ, ನೇರವಾಗಿ ನಡುವಿನ ಪದಕ್ಕೆ ಹೋದುದನ್ನು ಲೇಖಕನು ಕಂಡಿದ್ದಾನೆ. ಹಾಡು ಸೊಗಸಾಗಿಯೇ ಇತ್ತು. ಆದರೆ ಕೇಳುಗರು ಕೊನೆಯ ಚಪ್ಪಾಳೆಯ ಹೊರತು ಬೇರೆ ದನಿ ಎತ್ತಲಿಲ್ಲ. ಅವರನ್ನು ಯಾರೂ ಕರೆದಿರಲಿಲ್ಲ. ವಿಪರ್ಯಾಸವೆಂದರೆ ಅದೇ ವೇದಿಕೆಯ ಮೇಲೆ ಅದಕ್ಕೂ ಮುನ್ನ ನಡೆದ ಸಮಾರಂಭದಲ್ಲಿ ಪ್ರತಿಯೊಬ್ಬ ಭಾಷಣಕಾರರೂ ವೇದಿಕೆಯ ಮೇಲಿನ ಗಣ್ಯರ ಹೆಸರುಗಳನ್ನು ಒಂದೊಂದಾಗಿ ಹೇಳಿ ವಂದಿಸಿದ್ದರು. ಇಂದಿನ ಸಾರ್ವಜನಿಕ ಭಾಷಣದ ಆರಂಭವು ದೀರ್ಘವಾಗಿಯೇ ಇದೆ. ಅದರ ಮುಖ ಮಾತ್ರ ತಿರುಗಿದೆ. ಕುಂತ ದೈವಕ್ಕೆ ಸಲ್ಲುತ್ತಿದ್ದ ನಮಸ್ಕಾರವು ಪಕ್ಕದ ಕುರ್ಚಿಗಳಿಗೆ ಸಲ್ಲುತ್ತಿದೆ. ಎದುರಿಗಿರುವವರಿಗೆ ಕೊನೆಯಲ್ಲಿ 'ನೆರೆದಿರುವ ಎಲ್ಲರೇ' ಎಂಬ ಎರಡು ಪದಗಳು ಉಳಿಯುತ್ತವೆ.

೮. ಸಮಾರೋಪ

ಒಟ್ಟಾರೆಯಾಗಿ, ಈ ಪರಿಸರದ ಸುಮಾರು ಹದಿನಾಲ್ಕು ಶತಮಾನಗಳ ಸಾಮಗ್ರಿಯಲ್ಲಿ ಆರಂಭದ ರೂಪಗಳು ಬದಲಾಗುತ್ತ ಬಂದಿವೆ. ಮಂಗಳೇಶನ 'ಸ್ವಸ್ತಿ'ಯಿಂದ ಜೋಳಿಗೆಯವರೆಗೆ ಒಂದೇ ಸೂತ್ರವನ್ನು ಎಳೆಯುವುದು ಅವಸರವಾದೀತು. ಆದರೆ ಮೌಖಿಕ ಪ್ರದರ್ಶನಗಳ ಮಟ್ಟಿಗೆ ಒಂದು ಮಾತನ್ನು ಖಚಿತವಾಗಿ ಹೇಳಬಹುದು. ಆರಂಭವು ಗಮನವನ್ನು ಕಸಿದುಕೊಳ್ಳುವ ಉಪಾಯವಾಗಿರಲಿಲ್ಲ. ಹೇಳುವ ಹಕ್ಕನ್ನು ಕೇಳುವವರಿಂದ ಬೇಡಿ ಪಡೆಯುವ, ಅವರು ಓಗೊಟ್ಟ ಮೇಲೆ ಮುಂದುವರಿಯುವ ಒಪ್ಪಂದವಾಗಿತ್ತು. ಆ ಒಪ್ಪಂದದಲ್ಲಿ ಹಲಗೆಯವನಿಗೆ ಸಂದಾಯವಾಗದ ಪಾಲೂ ಒಂದಿತ್ತು ಎಂಬುದನ್ನು ಸೇರಿಸಿಯೇ ಈ ಮಾತನ್ನು ಹೇಳಬೇಕು.

ಈ ಅಧ್ಯಯನದಿಂದ ಎರಡು ಕೆಲಸಗಳು ಎದುರಾಗುತ್ತವೆ. ಜನಪದ ಪ್ರದರ್ಶನಗಳನ್ನು ದಾಖಲಿಸುವವರು ವಾದ್ಯ ಹದಗೊಳಿಸುವ ಹೊತ್ತಿನಿಂದಲೇ ದಾಖಲಿಸಬೇಕು. ಕೇಳುಗರ ದನಿಯನ್ನು ಗದ್ದಲವೆಂದು ಕತ್ತರಿಸದೆ ಪಠ್ಯದ ಭಾಗವೆಂದು ಉಳಿಸಿಕೊಳ್ಳಬೇಕು. ವೇದಿಕೆಗಳನ್ನು ಏರ್ಪಡಿಸುವವರು ಮೇಳಗಳ ಸಂಖ್ಯೆಯನ್ನು ಕಡಿಮೆ ಮಾಡಿಯಾದರೂ ಪ್ರತಿಯೊಂದು ಮೇಳಕ್ಕೂ ಅದರ ಆರಂಭವನ್ನು ಬಿಟ್ಟುಕೊಡಬೇಕು. ಕಥೆ ಹೇಳುವವರು ಇನ್ನೂ ಇದ್ದಾರೆ, ಹಾಡುವವರೂ ಇದ್ದಾರೆ. ಅವರು ಮೊದಲ ವಾಕ್ಯ ಹೇಳಿ ನಿಲ್ಲಿಸಿದಾಗ ಕತ್ತಲೊಳಗಿನಿಂದ 'ಹೂಂ' ಎನ್ನುವವರನ್ನು ಉಳಿಸಿಕೊಳ್ಳುವುದು ನಮ್ಮ ಮುಂದಿರುವ ಕೆಲಸ.